ಎಜ್ಜೆ ಬ್ಯಾಂಡಿನ ಟೇಪು ಕೇಳಲು ಹೋದದ್ದು

ಅಬುಧಾಬಿ, ನಡುದಾರಿ

ಅಥವಾ ಅತ್ತೆ ನಕ್ಕಿದ್ದು ಆಮೇಲಿರಬೇಕು, ಎರಡನೆಯ ವಿಮಾನದಲ್ಲಿ ಕೂತ ಮೇಲೆ. ತಪಾಸಣೆಯ ಸಾಲಿನಲ್ಲೇ ನಕ್ಕಳೆಂದು ನಾನು ಊರಿನಲ್ಲಿ ಹಲವರಿಗೆ ಹೇಳಿಬಿಟ್ಟಿದ್ದೇನೆ. ಹೇಳಿ ಹೇಳಿ ಈಗ ಆ ನಗು ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಅದರ ಮೇಲೆ ನನಗೆ ನಂಬಿಕೆ ಹೋಗಿದೆ. ಖಚಿತವಾಗಿ ಉಳಿದಿರುವುದು ಇಷ್ಟು: ಯಂತ್ರದೊಳಗೆ ಹೋದ ಅತ್ತೆಯ ಕೈಚೀಲ ಈಚೆ ಬರಲಿಲ್ಲ. ಸಮವಸ್ತ್ರದ ಯುವಕನೊಬ್ಬ ಅದನ್ನು ಪಕ್ಕದ ಮೇಜಿಗೆ ಒಯ್ದು, ಬಟ್ಟೆಯ ಗಂಟು ಬಿಚ್ಚಿ, ಒಳಗಿದ್ದ ಎರಡು ಕಂಚಿನ ತುಂಡುಗಳನ್ನು ಎತ್ತಿ ತೋರಿಸಿದ. ಒಂದು ಬಟ್ಟಲಿನಂಥದು. ಇನ್ನೊಂದು ಚಪ್ಪಟೆ ತಟ್ಟೆ, ನಡುವಿನಿಂದ ಇಳಿಬಿದ್ದ ನೂಲಿನ ಗೊಂಡೆ.

ಕಂಸಾಳೆ. ನಮ್ಮ ಬೆಟ್ಟದ ಕಡೆ ಮಾದಪ್ಪನ ಕತೆ ಹಾಡುವವರು ಎಡಗೈಯಲ್ಲಿ ಬಟ್ಟಲು ಹಿಡಿದು ಬಲಗೈಯ ತಟ್ಟೆಯಿಂದ ಬಡಿಯುವ ತಾಳ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದೆ.

"ಏನಂತಾನ್ಲಾ ಅವ್ನು?" ಎಂದಳು ಅತ್ತೆ.

"ಇದೇನು ಅಂತ ಕೇಳ್ತಾವ್ನ."

"ಅದ್ಕ ಇಷ್ಟೊತ್ತು ಯೋಚ್ನ ಮಾಡ್ತಾ ನಿಂತಿದ್ದಿಯಾ? ಮೇಷ್ಟ್ರು ಬೇರ."

ಹಾಗೆಂದವಳೇ ಅವನ ಕೈಯಿಂದ ಎರಡನ್ನೂ ಇಸಿದುಕೊಂಡು ಒಂದೇ ಒಂದು ಸಲ ಬಡಿದಳು. ಆ ನುಣುಪು ನೆಲ, ಆ ಗಾಜು, ಆ ಎತ್ತರದ ಚಾವಣಿ. ಕಂಚು ಊರಿನಲ್ಲಿ ಮೊಳಗುವುದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ಮೊಳಗಿತು. ಬೆಲ್ಟು ಬಿಚ್ಚುತ್ತಿದ್ದವರು, ಬೂಟು ಕೈಯಲ್ಲಿ ಹಿಡಿದವರು ಎಲ್ಲರೂ ತಿರುಗಿ ನೋಡಿದರು. ಯುವಕ ಕೈಯೆತ್ತಿ ಸಾಕು ಎಂದ, ಅಥವಾ ಮುಂದೆ ಹೋಗಿ ಎಂದ. ಅವನ ಸನ್ನೆ ಎರಡಕ್ಕೂ ಸಲ್ಲುವಂತಿತ್ತು.

ಅತ್ತೆ ಕಂಸಾಳೆ ಬಾರಿಸಿದ್ದು ಅದೇ ಮೊದಲು. ಗಂಡನ ಕಂಸಾಳೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗುವುದಷ್ಟೇ ಅವಳ ಪಾಲಿಗಿದ್ದ ಕೆಲಸ. ನಮ್ಮಲ್ಲಿ ಅದನ್ನು ಬಾರಿಸುವವರು ಗಂಡಸರು.

ತಾಳವಾಡಿ, ಹೊರಡುವ ಮೊದಲು

ಅತ್ತೆಯ ಹೆಸರು ಚಿಕ್ಕತಾಯಮ್ಮ, ನನ್ನ ತಂದೆಯ ತಂಗಿ. ಅವಳ ಗಂಡ ನಂಜಪ್ಪ ಮಾವ ಈಗಿಲ್ಲ. ಮಾವ ವಯಸ್ಸಿನ ಹುಡುಗನಾಗಿದ್ದಾಗ ದಿಂಬಂ ಆಚೆಯ ಒಂದು ಎಸ್ಟೇಟಿನಲ್ಲಿ ಬಿಳಿಯ ದೊರೆಯ ಮನೆಯಲ್ಲಿ ಅಡಿಗೆಗಿದ್ದ. ದೊರೆ ಎಸ್ಟೇಟು ಮಾರಿ ಇಂಗ್ಲೆಂಡಿಗೆ ಮರಳುವಾಗ ಮಾವನನ್ನೂ ಕರೆದುಕೊಂಡು ಹೋದ. ಅದು ಅರವತ್ತರ ದಶಕ. ಕೆಲವು ವರ್ಷ ಅಲ್ಲಿದ್ದು ಮಾವ ವಾಪಸು ಬಂದ, ಮದುವೆಯಾದ, ಅರಿಸಿನ ಬೆಳೆದ. ಅಲ್ಲಿಂದ ತಂದ ಸಾಮಾನು ಹೆಚ್ಚೇನಿರಲಿಲ್ಲ. ಒಂದು ಮಾತು ತಂದಿದ್ದ: ಉದ್ದ ಕೂದಲು ಬಿಟ್ಟ ಹುಡುಗರ ಬ್ಯಾಂಡೊಂದರ ಜೊತೆ ಅಲ್ಲಿಯ ರೇಡಿಯೊದಲ್ಲಿ ತಾನು ಕಂಸಾಳೆ ಬಾರಿಸಿದ್ದೇನೆ. ಆ ಬ್ಯಾಂಡಿನ ಹೆಸರು ಎಜ್ಜರ್ಸು.

ಊರಿನವರ ಬಾಯಲ್ಲಿ ಅದು ಎಜ್ಜೆ ಬ್ಯಾಂಡಾಯಿತು. ಮಾವ ತಾಳವಾಡಿ ಅಂಗಡಿ ಬೀದಿಯಲ್ಲಿ ಕಂಡರೆ, "ಏನಣ್ಣ, ಇವತ್ತು ರೇಡಿಯಾದಲ್ಲಿ ಬತ್ತಿಯಾ, ಇಲ್ಲಾ ನಾಳಿಕಾ?" ಎನ್ನುವರು. ಸುಳ್ಳುಗಾರ ಎಂದು ಯಾರೂ ಎದುರಿಗೆ ಅನ್ನಲಿಲ್ಲ. ಬುರುಡೆ ನಂಜಪ್ಪ ಎಂದರು, ಅದೂ ಪ್ರೀತಿಯಿಂದಲೇ. ಮಾವ ನಗುತ್ತಿದ್ದ. ಅತ್ತೆ ನಗುತ್ತಿರಲಿಲ್ಲ. ಮಾವನನ್ನು ಮಣ್ಣು ಮಾಡಿದ ದಿನ, ದೂರದಿಂದ ಬಂದ ಯಾರೋ ಸತ್ತವರು ಯಾವ ನಂಜಪ್ಪ ಎಂದು ವಿಚಾರಿಸಿದಾಗ, "ನಮ್ಮ ಬುರುಡ ನಂಜಪ್ಪ ಕಣ" ಎಂದು ಇನ್ನೊಬ್ಬರು ಹೇಳಿದ್ದು ಅವಳ ಕಿವಿಗೆ ಬಿತ್ತು. ಆ ಹೆಸರನ್ನು ಅಳಿಸಬೇಕೆಂಬುದು ಅವಳ ಹಟವಾಯಿತು. ಆ ಹಟ ನನ್ನ ತಲೆಗೆ ಬಂತು.

ನಮ್ಮ ತಾಳವಾಡಿ ಗಡಿಯ ಈಚೆ, ತಮಿಳುನಾಡಿಗೆ ಸೇರಿದ್ದು; ನಾನು ಇಲ್ಲಿಯ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಫೋನಿನಲ್ಲಿ 'ಎಜ್ಜರ್ಸ್', 'ಎಡ್ಜರ್ಸ್' ಎಂದೆಲ್ಲ ಹುಡುಕಿ ಹುಡುಕಿ ಸೋತಿದ್ದೆ. ಅಂಥ ಬ್ಯಾಂಡೇ ಇರಲಿಲ್ಲ. ಮಾವ ನಿಜಕ್ಕೂ ಬುರುಡೆ ಬಿಟ್ಟಿದ್ದನೇನೋ ಎಂದು ನನಗೂ ಅನ್ನಿಸತೊಡಗಿತ್ತು. ಒಂದು ಸಂಜೆ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ನಮ್ಮ ಮಕ್ಕಳು ಆಡಿದ ಹಾಗೆಯೇ ಬರೆಯುತ್ತಾರೆ: ಹೊಲ ಇದ್ದಲ್ಲಿ ಒಲ, ಹಳ್ಳಿ ಇದ್ದಲ್ಲಿ ಅಳ್ಳಿ. ಕೆಂಪು ಪೆನ್ನಿನಲ್ಲಿ ಹಕಾರ ಕೂರಿಸುವುದೇ ನನ್ನ ಉದ್ಯೋಗ. ಒಬ್ಬಳು 'ಎಜ್ಜೆ' ಎಂದು ಬರೆದಿದ್ದಳು. ತಿದ್ದಿ 'ಹೆಜ್ಜೆ' ಮಾಡಿದೆ. ಮಾಡಿದವನು ಪೆನ್ನು ಹಾಗೇ ಹಿಡಿದು ಕೂತೆ. ಮಾವನ ಬ್ಯಾಂಡಿಗೂ ಒಂದು ಹಕಾರ ಹಾಕಿ ನೋಡಿದೆ. ಹೆಜ್ಜರ್ಸ್.

ಹೀಗೆ ಹೇಳಿದರೆ ಕತೆ ಬಹಳ ಚೆನ್ನಾಗಿ ಕೂರುತ್ತದೆ. ಅದಕ್ಕೇ ಅನುಮಾನ. ಕಾಪಿ ಪುಸ್ತಕ ತಿದ್ದಿದ್ದು ನಿಜ, ಹಕಾರ ಹೊಳೆದದ್ದು ನಿಜ. ಎರಡೂ ಒಂದೇ ಸಂಜೆಯೋ, ನಾನೇ ಆಮೇಲೆ ಗಂಟು ಹಾಕಿದೆನೋ, ಹೇಳಲಾರೆ.

ಹೆಜ್ಜರ್ಸ್ ಸಿಕ್ಕರು. ಆಗಿನ ಕಾಲಕ್ಕೆ ತಕ್ಕಮಟ್ಟಿಗೆ ಹೆಸರಾದವರೇ. ಆಗೆಲ್ಲ ಇಂಥ ಬ್ಯಾಂಡುಗಳು ರೇಡಿಯೊ ನಿಲಯಕ್ಕೆ ಹೋಗಿ, ಪ್ರಸಾರಕ್ಕೆಂದೇ ಹೊಸದಾಗಿ ಹಾಡಿ ಬರುತ್ತಿದ್ದರಂತೆ. ಪ್ರಸಾರವಾದ ಮೇಲೆ ಎಷ್ಟೋ ಟೇಪುಗಳನ್ನು ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿದರು. ಹೆಜ್ಜರ್ಸ್ ಹಾಡಿದ ಒಂದು ದಿನದ ಟೇಪು ಮಾತ್ರ, ನಡುನಡುವಿನ ಹರಟೆ ಸಮೇತ, ಒಂದು ಧ್ವನಿ ಸಂಗ್ರಹಾಲಯದಲ್ಲಿ ಉಳಿದಿದೆ. ಅದರಲ್ಲಿ ತಾಳ ಬಾರಿಸಿದ ಭಾರತೀಯ ಯಾರೆಂದು ತಿಳಿದಿಲ್ಲ.

ಅರ್ಜಿಗೆ ನಮ್ಮಲ್ಲಿ ತಮಿಳಿನ 'ಮನು' ಎಂಬ ಮಾತು. "ಮನು ಆಕ್ಲಾ," ಎಂದಳು ಅತ್ತೆ. ಹಾಕಿದೆ. ಪ್ರತಿ ಮಾಡಿಕೊಡುವ ಹಕ್ಕು ತಮಗಿಲ್ಲ, ಬಂದರೆ ಕೇಳಿಸುತ್ತೇವೆ, ಗುರುತು ಹಿಡಿದರೆ ಹೆಸರನ್ನು ಸೇರಿಸುತ್ತೇವೆ ಎಂದು ಉತ್ತರ ಬಂತು. ನಾನೊಬ್ಬನೇ ಹೋಗಿ ಬರುತ್ತೇನೆ ಎಂದೆ.

"ನೀ ಕೇಳುದ್ರ ಏನ್ ಬಂತ್ಲಾ?" ಎಂದಳು. "ಅವ್ರ ದನಿ ನಿಂಗೇನ್ ಗೊತ್ತು? ಸಂಸಾರ ಮಾಡ್ದೋಳು ನಾನು."

ಇಂಗ್ಲೆಂಡಿನ ರೈಲು

ಲಂಡನ್ನಿನಲ್ಲಿ ಪಾಸ್‌ಪೋರ್ಟು ನೋಡಿದ ಹೆಂಗಸು ಅತ್ತೆಯ ಹುಟ್ಟೂರು ಓದಿ ತಮಿಳಿನಲ್ಲಿ ಮಾತಾಡಿಸಿದಳು. ಅತ್ತೆ ತಮಿಳಿನಲ್ಲೇ ಉತ್ತರ ಕೊಟ್ಟು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಏನೋ ಕೇಳಿದಳು. ತಮಿಳುನಾಡಿನವರು ನಿಮ್ಮೊಳಗೆ ಮಾತಾಡುವುದು ಇದ್ಯಾವ ಭಾಷೆ ಎಂದು ಆ ಹೆಂಗಸಿಗೆ ಗಲಿಬಿಲಿ. ಆಫೀಸಿಗೆ ತಮಿಳು, ಅಡಿಗೆಮನೆಗೆ ಕನ್ನಡ ಎಂದು ಅತ್ತೆ ತಮಿಳಿನಲ್ಲೇ ವಿವರಿಸಿದಳು. ನಮ್ಮ ಬೆಟ್ಟದ ವಿಷಯವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಸಂಗ್ರಹಾಲಯವಿದ್ದದ್ದು ಒಂದು ಸಣ್ಣ ಊರಿನಲ್ಲಿ. ರೈಲಿನಲ್ಲಿ ಹೋದೆವು. ಸತ್ಯಮಂಗಲದಲ್ಲಿ ಬಸ್ಸು ಹತ್ತಿದರೆ ಘಾಟಿಯ ತಿರುವುಗಳು ಮುಗಿಯುವಷ್ಟರಲ್ಲಿ ಪಕ್ಕದವರ ಮಗಳ ಬಾಣಂತನದವರೆಗೂ ನಮಗೆ ತಿಳಿದಿರುತ್ತದೆ. ಇಲ್ಲಿ ಡಬ್ಬಿ ತುಂಬ ಜನ, ಉಸಿರಾಟದ ಸದ್ದು ಮಾತ್ರ. ಎದುರಿಗೆ ಕೂತವರ ಕಾಲ ಬಳಿ ಒಂದು ನಾಯಿ ಮಲಗಿತ್ತು. ಅದೂ ಬೊಗಳಲಿಲ್ಲ.

"ನಾಯಿಗೂವ ಮಾತಾಡ್ಬ್ಯಾಡ ಅಂದವ್ರ," ಎಂದಳು ಅತ್ತೆ ನನ್ನ ಕಿವಿಯಲ್ಲಿ. ಅವಳು ಕಿವಿಯಲ್ಲಿ ಹೇಳಿದ್ದು ಡಬ್ಬಿಗೆಲ್ಲ ಕೇಳಿಸಿತು. ಎದುರಿನವರು ಯಾತಕ್ಕೋ ನಮ್ಮ ಕ್ಷಮೆ ಕೇಳಿದರು. ಅಲ್ಲಿ ಕಾಲು ತುಳಿಸಿಕೊಂಡವರೂ ಕ್ಷಮೆ ಕೇಳುತ್ತಾರೆ.

ಕಿಟಕಿಯಾಚೆ ಹಸಿರು ಹೊಲಗಳು, ಒಂದೊಂದು ಹೊಲದ ಸುತ್ತಲೂ ಗಿಡಗಳನ್ನು ಒತ್ತಾಗಿ ಹೆಣೆದು ಕತ್ತರಿಸಿದ ಬೇಲಿ. ಅತ್ತೆ ಬಹಳ ಹೊತ್ತು ಅದನ್ನೇ ನೋಡಿದಳು.

"ಬೇಲಿ ಚೆಂದಾಗಿ ಕಟ್ಟವ್ರ. ಆನ ಬತ್ತದಾ ಇಲ್ಲಿ?"

"ಆನ ಇಲ್ಲ ಅತ್ತೆ."

"ಕಾಡಂದಿ?"

"ಈ ಕಡೆ ಅದೂ ಇಲ್ಲ ಅಂತಾರ."

"ಮತ್ಯಾತಕ್ಲಾ?"

"ಕುರಿಗ."

"ಕುರಿಗ," ಎಂದಳು ಅತ್ತೆ, ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಆನೆ ಕಾಯುವ ಊರಿನ ಧಿಮಾಕಿನಿಂದ. ಹೆಜ್ಜರ್ಸ್ ಎಂದರೆ ಇಂಥ ಬೇಲಿ ಕಟ್ಟುವವರು ಎಂದು ಆಗ ಹೇಳಿದೆ. ಅವಳಿಗೆ ಅದು ಒಪ್ಪಿತವಾಯಿತು. "ಒಳ್ಳೇ ಕೆಲ್ಸವೇ ಬುಡು. ನಾವೇ ಸುಮ್ನ ಎಜ್ಜ ಎಜ್ಜ ಅಂತಿದ್ದೊ."

ಟೇಪಿನ ಕೋಣೆ

ನಮಗೆ ಟೇಪು ಕೇಳಿಸಲು ಬಂದವರು ವಯಸ್ಸಾದ, ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಕೈ ಚಾಚಿ ಹೆಸರು ಹೇಳಿದರು.

"ಆರಿ ಅಂತೆ," ಎಂದಳು ಅತ್ತೆ.

"ಹ್ಯಾರಿ ಅತ್ತೆ. ಹಕಾರ ಅದ."

"ಅವ್ರ ಎಸ್ರ ಅವ್ರೇ ಆರಿ ಅಂದ್ರಲ್ಲ. ಅವ್ರ್ಗಿಂತ ನಿಂಗ ಚೆನ್ನಾಗ್ ಗೊತ್ತಾ?"

ಅವಳು ಹೇಳಿದ್ದೇ ಸರಿ. ಲಂಡನ್ನಿನ ಪೂರ್ವ ಭಾಗದಲ್ಲಿ ಹುಟ್ಟಿದ ಆರಿ ಇಂಗ್ಲಿಷಿನ ಹಕಾರಗಳನ್ನೆಲ್ಲ ನುಂಗುತ್ತಿದ್ದರು. ಬ್ಯಾಂಡಿನ ಹೆಸರನ್ನು ಅವರು ಉಚ್ಚರಿಸಿದ್ದು ಥೇಟ್ ಮಾವನ ಹಾಗೆ: ಎಜ್ಜರ್ಸ್. ಮಾವ ಅದನ್ನು ತಪ್ಪಾಗಿ ಹೇಳುತ್ತಿದ್ದನೋ, ಅಲ್ಲಿಯವರು ಹೇಳಿದಂತೆಯೇ ಹೇಳುತ್ತಿದ್ದನೋ. ಆ ಕೋಣೆಯಲ್ಲಿ ನನ್ನ ಕೆಂಪು ಪೆನ್ನಿಗೆ ಸ್ವಲ್ಪ ನಾಚಿಕೆಯಾಯಿತು.

ಕಿಟಕಿಯಿಲ್ಲದ, ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆ. ಅತ್ತೆ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟಳು. ಅದನ್ನು ನೋಡಿ ಆರಿಯೂ ತಮ್ಮ ಬೂಟು ಬಿಚ್ಚಿದರು. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಟೇಪು ತಿರುಗಿತು. ಮೊದಲು ಗಿಟಾರು. ಯಾರೋ ಕೆಮ್ಮಿದರು. ಹಾಡು ಶುರುವಾಯಿತು, ಅದರ ಅಡಿಯಿಂದ ಕಂಚಿನ ಸದ್ದು, ಸಂಶಯಕ್ಕೆ ಎಡೆಯಿಲ್ಲದ ಕಂಸಾಳೆ. ಅತ್ತೆ ಬೆನ್ನು ನೆಟ್ಟಗೆ ಮಾಡಿದಳು. ಹಾಡು ಅರ್ಧಕ್ಕೆ ಕುಸಿಯಿತು. ಇಂಗ್ಲಿಷಿನಲ್ಲಿ ಬೈಗುಳ, ನಗು. ಡ್ರಮ್ಮಿನವನು ಕಂಸಾಳೆಯ ತಾಳವನ್ನು ಹಿಡಿಯಲು ನೋಡಿದ, ತಪ್ಪಿದ, ಮತ್ತೆ ನೋಡಿದ. ಆಗ ಕೋಣೆಯ ದೂರದ ಮೂಲೆಯಿಂದ ಬಂದ ಹಾಗೆ ಒಂದು ದನಿ:

"ಅಂಗಲ್ಲ ಕಣ್ಲಾ. ಇಂಗ."

ಹಿಂದೆಯೇ ಕಂಸಾಳೆ ಒಂದು ಸುತ್ತು ಬಡಿಯಿತು, ಬಿಡಿಸಿ ಬಿಡಿಸಿ, ಕಲಿಸುವವರು ಬಡಿಯುವಂತೆ. ಡ್ರಮ್ಮು ಅದನ್ನು ಅನುಸರಿಸಿತು. ಈ ಸಲ ಸರಿಯಾಗಿ ಬಂತು.

ಆರಿ ಟೇಪು ನಿಲ್ಲಿಸಿದರು. ಇದು ಅವರಿಗೆ ಬಹಳ ಇಷ್ಟದ ಜಾಗವಂತೆ. ಇದು ದಕ್ಷಿಣ ಭಾರತದ ತಾಳದ ಸೊಲ್ಲು, ತಕಧಿಮಿಯ ಹಾಗೆ ಎಂದು ಯಾರೋ ತಿಳಿದವರು ಹಿಂದೆ ಗುರುತು ಹಾಕಿದ್ದರಂತೆ. ಬ್ಯಾಂಡಿನ ಅಭಿಮಾನಿಗಳಿಗೂ ಅದು ಬಾಯಿಪಾಠವಂತೆ. ಅತ್ತೆಯ ಗೌರವಾರ್ಥ ಆರಿ ತೊಡೆಯ ಮೇಲೆ ತಾಳ ಹಾಕುತ್ತ, ಅವಳ ಮುಖವನ್ನೇ ನೋಡುತ್ತ ಒಪ್ಪಿಸಿದರು: "ಅಂಗಲ ಕನ್ಲಾ ಇಂಗ, ಅಂಗಲ ಕನ್ಲಾ ಇಂಗ."

ಅತ್ತೆ ನನ್ನ ಕಡೆ ತಿರುಗಿದಳು. "ನಾನೇನ್ ಮಾಡ್ದೆ ಅಂತ ಈ ಮುದ್ಕಪ್ಪ ನಂಗ ಲಾ ಅಂತಾವ್ನ?"

ಆಗ ನಾನು ನಕ್ಕಿದ್ದು ನಿಜ. ನಗು ನಿಂತ ಮೇಲೆ ಆರಿಗೆ ವಿವರಿಸಿದೆ. ಇದು ತಾಳದ ಸೊಲ್ಲಲ್ಲ, ಇದು ಕನ್ನಡ, ಅದೂ ನಮ್ಮ ಬೆಟ್ಟದ ಕನ್ನಡ. ಹಾಗಲ್ಲ ಹುಡುಗಾ, ಹೀಗೆ, ಎಂದು ಅರ್ಥ. ಕೊನೆಯ 'ಲಾ' ಚಿಕ್ಕವರಿಗೆ, ಗೆಳೆಯರಿಗೆ, ಹೊಲದಲ್ಲಿ ಜೊತೆಗೆ ದುಡಿಯುವವರಿಗೆ ಅನ್ನುವುದು. ದೊರೆಗಳಿಗೆ ಅನ್ನುವುದಲ್ಲ. ಆರಿ ತಮ್ಮ ತೊಡೆಯ ಮೇಲಿನ ಕೈಯನ್ನು ನೋಡಿಕೊಂಡರು. ಇಷ್ಟು ವರ್ಷ ನಾವು ತಾಳ ಅಂದುಕೊಂಡು ಬೈಸಿಕೊಳ್ಳುತ್ತಿದ್ದೆವು ಎಂದರು. ಆ ಡ್ರಮ್ಮಿನವರು ಮುಂದೆ ದೊಡ್ಡ ಹೆಸರು ಮಾಡಿದರೆಂದೂ ಅವರ ಕೈಚಳಕವನ್ನು ಎಷ್ಟೋ ಜನ ಅನುಕರಿಸಿದರೆಂದೂ ಹೇಳಿದರು. ಅದನ್ನು ಅತ್ತೆಗೆ ಕನ್ನಡದಲ್ಲಿ ತಿಳಿಸಿದೆ.

"ಅಷ್ಟ್ ದೊಡ್ಡ ಮನ್ಸುನ್ನ," ಎಂದಳು, "ಲಾ ಅಂದವ್ರ." ಮತ್ತೆ ಹೇಳಿದಳು, ಮೆಲ್ಲಗೆ, ರುಚಿ ನೋಡುವವಳಂತೆ: "ಲಾ ಅಂದು ಕಲ್ಸವ್ರ."

ಅವಳ ಮುಖದಲ್ಲಿ ಆಗ ಕಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಗರ್ವ ನನಗೂ ಅಂಟಿತು. ಅನುಮಾನವೂ ಜೊತೆಗೇ ಬಂತು. ಹೇಗೂ ಯಾರಿಗೂ ಅರ್ಥವಾಗದೆಂಬ ಧೈರ್ಯದಲ್ಲಿ ಅಂದ ಮಾತೂ ಇರಬಹುದಲ್ಲ. ಇದ್ದರೇನು, ಡ್ರಮ್ಮು ಮಾತು ಕೇಳಿ ತಿದ್ದಿಕೊಂಡಿತು. ಅದು ಟೇಪಿನಲ್ಲಿದೆ.

ಆರಿ ಕಂಪ್ಯೂಟರಿನ ಮುಂದೆ ಕೂತು, ಬಹಳ ಮರ್ಯಾದೆಯಿಂದ ಕೇಳಿದರು: ಈ ದನಿ ನಿಮ್ಮ ಯಜಮಾನರದೇ? ಹೌದೆಂದರೆ ಈಗಲೇ ಹೆಸರು ಸೇರಿಸುತ್ತೇನೆ. ಬ್ಯಾಂಡಿನಲ್ಲಿ ಬದುಕಿರುವವರು ಒಬ್ಬರೇ. ಅವರನ್ನು ವಿಚಾರಿಸಿದಾಗ, ಯಾರೋ ಕರೆತಂದಿದ್ದರು, ಹೆಸರನ್ನು ನಾವ್ಯಾರೂ ಕೇಳಲಿಲ್ಲ ಎಂದರಂತೆ.

ಅತ್ತೆ ಇನ್ನೊಮ್ಮೆ ಹಾಕಿಸಿದಳು. ಮತ್ತೊಮ್ಮೆ. ಕಣ್ಣು ಮುಚ್ಚಿ ಕೇಳಿದಳು, ಕಿವಿಯನ್ನು ಸ್ಪೀಕರಿನ ಪೆಟ್ಟಿಗೆಗೆ ಹಚ್ಚಿ ಕೇಳಿದಳು. ಆರಿ ಬೇಸರಿಸಲಿಲ್ಲ.

"ಎಳೇ ದನಿ," ಎಂದಳು ಕೊನೆಗೆ. "ನಾ ಮದ್ವ ಆಗೊತ್ಗ ಅವ್ರು ಬೀಡಿ ಸೇದಿ ಸೇದಿ ಗಂಟ್ಲು ಒಡ್ದೋಗಿತ್ತು. ಈ ದನಿ ನಾ ಕೇಳೇ ಇಲ್ಲ ಕಣ್ಲಾ."

"ಮಾತು ನಮ್ಮೂರ್ದು. ಕಂಸಾಳ ಅದ. ಬ್ಯಾಂಡು ಅದೇ. ಇನ್ನೇನ್ ಬೇಕು ಅತ್ತೆ? ಊಂ ಅನ್ನು." ಮೇಷ್ಟ್ರ ಹಕಾರ ನನ್ನ ಬಾಯಿಂದಲೂ ಜಾರಿತ್ತು.

"ಇರ್ಬೋದು ಅಂತೀನಿ. ಊಂ ಅಂತ ಎಂಗನ್ನ್ಲಿ?"

"ಇಷ್ಟು ದೂರ ಬಂದಿದ್ದು ಅದ್ಕೇ ಅಲ್ವಾ?"

"ಸುಳ್ಳೇಳ್ತಾನ ಅಂತ ಊರೆಲ್ಲ ಅವ್ರ್ನ ಆಡ್ಕತು," ಎಂದಳು ಅತ್ತೆ. "ಅವ್ರ ಎಸ್ರಲ್ಲಿ ಈಗ ನಾ ಬಂದು ಸುಳ್ಳೇಳ್ಲಾ?"

ಆರಿ ಇಬ್ಬರ ಮುಖವನ್ನೂ ನೋಡುತ್ತ ಕಾಯುತ್ತಿದ್ದರು. ಹೇಳಿದೆ: ಅವಳಿಗೆ ಖಾತ್ರಿಯಿಲ್ಲ. ಆರಿ ತಲೆಯಾಡಿಸಿದರು. ಅವರ ಮುಖದಲ್ಲಿ ನಿರಾಸೆ ಇತ್ತು, ಮೆಚ್ಚುಗೆಯೂ ಇತ್ತು.

"ನಮ್ಮೂರು ಬರೀಲಿ," ಎಂದಳು ಅತ್ತೆ. "ಅದ್ಕ ಖಾತ್ರಿ ಅದ. ಇಂಗ ಮಾತಾಡೋರು ಬೇರ ಎಲ್ಲವ್ರ? ತಾಳವಾಡಿ ಕಡ ಮನ್ಸ, ಮಾತು ಕನ್ನಡ, ಬಡ್ದಿದ್ದು ಕಂಸಾಳ. ಅಷ್ಟ್ ಬರೀಲಿ."

ಗಡಿಯಾಚೆ ಚಾಮರಾಜನಗರ, ಕೊಳ್ಳೇಗಾಲದವರೂ ಹೆಚ್ಚುಕಡಿಮೆ ಹೀಗೇ ಮಾತಾಡುತ್ತಾರೆಂದು ನಾನು ಹೇಳಬೇಕಿತ್ತು. ಹೇಳಿದೆ ಕೂಡ. "ಆ ಕಡ್ಯೋರು ಬೇಕಾದ್ರ ಬಂದು ಬರಸ್ಲಿ," ಎಂದಳು. ಆರಿ ಅಕ್ಷರ ಕೇಳಿ ಕೇಳಿ ತಾಳವಾಡಿ ಎಂದು ಬರೆದರು, ಮುಂದೆ 'ಇರಬಹುದು' ಎಂದು ಸೇರಿಸಿದರು. ಅತ್ತೆ ಪರದೆಯ ಮೇಲಿನ ಆ ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ತೋರಿಸಿ, ಇದೇನಾ ನಮ್ಮೂರು ಎಂದು ಕೇಳಿದಳು. ಇದೇ ಎಂದೆ. ಆರಿ ಬೂಟಿಲ್ಲದ ಕಾಲಿನಲ್ಲೇ ಹೊರಬಾಗಿಲವರೆಗೆ ಬಂದು ನಮ್ಮನ್ನು ಕಳಿಸಿಕೊಟ್ಟರು.

ದಿಂಬಂ

ಕೊಯಮತ್ತೂರಿನಲ್ಲಿ ಇಳಿದು ಬಸ್ಸು ಹಿಡಿದು ಘಾಟಿ ಹತ್ತಿದೆವು. ಬಸ್ಸು ದಿಂಬಂನಲ್ಲಿ ನಿಂತಿತು. ಟೀ ಅಂಗಡಿಯವರಿಗೆ ಅತ್ತೆ ಹೋದ ಕೆಲಸ ಗೊತ್ತಿತ್ತು. ಆ ದಾರಿಯಲ್ಲಿ ಗೊತ್ತಿಲ್ಲದವರೇ ಇರಲಿಲ್ಲ.

"ಏನಕ್ಕ, ಸಿಕ್ಕುದ್ರಾ ನಂಜಪ್ಪಣ್ಣ?"

"ನಮ್ಮೋರು ಸಿಕ್ಕುದ್ರು," ಎಂದಳು ಅತ್ತೆ, ಲೋಟ ಎರಡು ಕೈಯಲ್ಲೂ ಹಿಡಿದು. "ಬಿಳೀ ಉಡುಗುನ್ಗ ಲಾ ಅಂದು ತಾಳ ಕಲಿಸ್ತಾವ್ರ. ಅವ್ನೂ ಕಲ್ತ."

"ಲಾ ಅಂದ್ರಾ?"

"ಅಂಗಲ್ಲ ಕಣ್ಲಾ, ಇಂಗ, ಅಂದ್ರು. ನಾನೇ ಕೇಳ್ದೆ."

ಅಂಗಡಿಯವರು ಟೀ ಎತ್ತಿ ಹೊಯ್ಯುವುದನ್ನು ನಿಲ್ಲಿಸಿದರು. ಬೆಂಚಿನ ಮೇಲಿದ್ದವರು ನಕ್ಕರು. ಆ ನಗು ಮಾವನ ಕಡೆಯ ನಗು, ಅವನ ವಿರುದ್ಧದ್ದಲ್ಲ. "ಅಂಗಾರ ನಂಜಪ್ಪಣ್ಣನೇ ಅನ್ನು," ಎಂದರು ಒಬ್ಬರು. ಬುರುಡೆ ಎನ್ನಲಿಲ್ಲ.

"ಇಲ್ಲಿಂದ ಬೇರ ಯಾರ್ ಓಗಿದ್ರು, ನೀನೇ ಯೋಳು," ಎಂದಳು ಅತ್ತೆ.

ಅವಳು ಹೌದೆನ್ನಲಿಲ್ಲ ಎಂಬುದನ್ನು ಅಲ್ಲಿ ಗಮನಿಸಿದವನು ನಾನೊಬ್ಬನೇ. ಆ ಎಸ್ಟೇಟಿನಲ್ಲಿ ಕೆಲಸಕ್ಕಿದ್ದವನು ಮಾವ ಒಬ್ಬನೇ ಅಲ್ಲ. ದೊರೆ ಇನ್ನಾರನ್ನಾದರೂ ಕರೆದುಕೊಂಡು ಹೋಗಿದ್ದನೋ, ಮಾವ ಇನ್ನೊಬ್ಬರ ಕತೆಯನ್ನು ತನ್ನದೆಂದು ಹೇಳಿದನೋ, ಅಥವಾ ಎಲ್ಲವೂ ಅವನು ಹೇಳಿದ ಹಾಗೆಯೇ ನಡೆಯಿತೋ, ನನಗೆ ಗೊತ್ತಿಲ್ಲ. ಮಾವ ಹರಯದಲ್ಲಿ ಯಾವ ದನಿಯಲ್ಲಿ ಮಾತಾಡುತ್ತಿದ್ದನೆಂದು ಬಲ್ಲವರು ನಮ್ಮ ಬೆಟ್ಟದಲ್ಲಿ ಈಗ ಯಾರೂ ಉಳಿದಿಲ್ಲ.